ಉತ್ತಮಪುರುಷ ದೃಷ್ಟಿಯ ವಿಡಿಯೊ ಆಟಗಳಲ್ಲಿ ನಡೆ ಮತ್ತು ನೆಲ

ವಿಡಿಯೊ ಆಟಗಳಲ್ಲಿ ಒಂದು ವರ್ಗದವು ಆಟಗಾರನನ್ನು ತೆರೆಯ ಮೇಲೆ ತೋರಿಸುವುದಿಲ್ಲ. ಅವನ ಕಣ್ಣಿಗೆ ಕಾಣತಕ್ಕುದನ್ನು ಮಾತ್ರ ತೋರಿಸುತ್ತವೆ. ವ್ಯಾಕರಣದಲ್ಲಿ ‘ನಾನು’ ಎಂಬುದು ಉತ್ತಮಪುರುಷವಾದುದರಿಂದ ಇವನ್ನು ಉತ್ತಮಪುರುಷ ದೃಷ್ಟಿಯ ಆಟಗಳೆಂದು ಕರೆಯಬಹುದು. ಇವುಗಳಲ್ಲಿ ನಡೆಯುವವನಿಗೆ ಅನೇಕ ವೇಳೆ ಕಾಲುಗಳೇ ಇಲ್ಲ. ಇರುವುದು ಚಲಿಸುವ ಒಂದು ದೃಷ್ಟಿಬಿಂದು ಮಾತ್ರ. ಹೀಗಿದ್ದರೂ ಕುರ್ಚಿಯಲ್ಲಿ ಕುಳಿತವನಿಗೆ ತಾನು ಭಾರವುಳ್ಳ ದೇಹದಿಂದ ನೆಲವನ್ನು ಮೆಟ್ಟಿ ನಡೆಯುತ್ತಿರುವೆನೆಂಬ ಪ್ರತೀತಿ ಹುಟ್ಟಬೇಕು. ಅದು ಹೇಗೆ ಹುಟ್ಟುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

1996ರಲ್ಲಿ ಪ್ರಕಟವಾದ ‘ಕ್ವೇಕ್’ ಎಂಬ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಆಟಗಾರನ ದೇಹವೆಂದರೆ 56 ಮಾನ ಎತ್ತರದ ಒಂದು ಪೆಟ್ಟಿಗೆ. ಓಟದ ಸಾಮಾನ್ಯ ಮಿತಿ ಸೆಕೆಂಡಿಗೆ 320 ಮಾನ; ನೆಗೆತದ ಆರಂಭವೇಗ 270; ಗುರುತ್ವದ ಸಂಖ್ಯೆ 800. ಐವತ್ತಾರು ಮಾನಗಳನ್ನು 1.75 ಮೀಟರೆಂದು ಎಣಿಸಿದರೆ, ಓಟವು ಸೆಕೆಂಡಿಗೆ 10 ಮೀಟರು, ನೆಗೆತದ ಎತ್ತರ 1.4 ಮೀಟರು, ಗುರುತ್ವವು ಭೂಮಿಯದಕ್ಕಿಂತ ಎರಡೂವರೆ ಪಟ್ಟು ಎಂದಾಗುತ್ತದೆ. ಮನುಷ್ಯನ ಸಹಜ ನಡಿಗೆಯಾದರೋ ಸೆಕೆಂಡಿಗೆ ಸುಮಾರು 1.4 ಮೀಟರು. ಸಂಖ್ಯೆಗಳಾವುವೂ ವಾಸ್ತವವಲ್ಲ, ಆದರೂ ಆ ಚಲನೆಗೆ ಒಂದು ಜಡತ್ವವಿದೆ. ಗುಂಡಿಯನ್ನೊತ್ತಿದೊಡನೆ ಪೂರ್ಣವೇಗ ಬಾರದು. ಬಿಟ್ಟೊಡನೆ ದೇಹ ನಿಲ್ಲದು. ಘರ್ಷಣೆಯ ಸಂಖ್ಯೆ 4 ಆದುದರಿಂದ, ಪೂರ್ಣವೇಗವು ಸುಮಾರು 0.17 ಸೆಕೆಂಡಿನಲ್ಲಿ ಅರ್ಧಕ್ಕಿಳಿಯುತ್ತದೆ. ಆದಕಾರಣ ದೇಹದ ಪ್ರತೀತಿಗೆ ಮುಖ್ಯವಾದುದು ವೇಗದ ಪ್ರಮಾಣವಲ್ಲ, ವೇಗವು ಬದಲಾಗುವ ರೀತಿ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಈ ಏರ್ಪಾಡಿನಲ್ಲಿ ಒಂದು ಕೊರತೆಯಿದೆ. ಕಲ್ಲು, ಮರ, ಮಣ್ಣು ಎಲ್ಲಕ್ಕೂ ಘರ್ಷಣೆಯ ಸಂಖ್ಯೆ ಒಂದೇ. ಈ ಕೊರತೆಯ ಗುರುತ್ವವನ್ನು ಅರಿಯಲು ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ಜೋಳ, ತೊಗರಿ ಬೆಳೆಯುವ ಇಲ್ಲಿಯ ಎರೆಭೂಮಿಯ ಜೇಡಿ ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ನೆಲ ಗಟ್ಟಿ, ಆದರೆ ಬಿರುಕು ಹೆಂಟೆಗಳಿಂದ ವಿಷಮ. ನಡೆಯುವವನು ಕಣ್ಣನ್ನು ಕೆಳಗಿರಿಸಿ ಹೆಜ್ಜೆಯನ್ನು ಕಿರಿದು ಮಾಡುತ್ತಾನೆ. ಮಳೆ ಬಿದ್ದೊಡನೆ ಅದೇ ಹೊಲದಲ್ಲಿ ಕಾಲು ಜಾರುತ್ತದೆ, ಹೂಳುತ್ತದೆ; ಮಣ್ಣು ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಹದವಾಗಿ ಹರಗಿದ ಹೊಲದಲ್ಲಿ ಕಾಲು ಹೂಳುವುದುಂಟು, ಜಾರುವುದಿಲ್ಲ. ಇನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ನದಿಗಳ ಸಂಗಮಕ್ಕೆ ಇಳಿಯುವವನು ಒದ್ದೆ ನೆಲವನ್ನು ಮೆಟ್ಟುವಾಗ, ಕಾಲು ಹೂಳದಿದ್ದರೂ ಜಾರೀತೆಂದು ಎಚ್ಚರವಹಿಸುತ್ತಾನೆ.

ಇದರಿಂದ ‘ನೆಲ’ವೆಂಬುದು ಒಂದು ಸಂಖ್ಯೆಯಲ್ಲವೆಂದು ತಿಳಿಯುತ್ತದೆ. ಹಿಡಿತ, ಹೂಳುವ ಆಳ, ಅಂಟುವ ಭಾರ, ವಿಷಮತೆ ಎಂಬ ನಾಲ್ಕನ್ನು ಬೇರೆಬೇರೆಯಾಗಿ ಗಣಿಸಬೇಕು. ಕೆಸರನ್ನು ಸೂಚಿಸಲು ಪರಮವೇಗವನ್ನಷ್ಟೇ ತಗ್ಗಿಸುವುದು ಸುಲಭೋಪಾಯ; ಆದರೆ ಆಗ ಆಟಗಾರನಿಗೆ ಕೆಸರಿನ ಅರಿವಾಗುವ ಬದಲು ಯಂತ್ರವೇ ಮಂದವಾಯಿತೆನ್ನಿಸುತ್ತದೆ. ಹಿಡಿತ ಕಡಿಮೆಯಾದಲ್ಲಿ ಹೊರಡುವುದೂ ತಡವಾಗಬೇಕು, ನಿಲ್ಲುವುದೂ ತಡವಾಗಬೇಕು, ತಿರುವಿನಲ್ಲಿ ದೇಹ ಹಿಂದಿನ ದಿಕ್ಕಿಗೇ ಸ್ವಲ್ಪ ಸರಿಯಬೇಕು. ಅಂಟುವ ಭಾರವು ಹೆಜ್ಜೆಯ ಲಯವನ್ನು ನಿಧಾನಗೊಳಿಸಬೇಕು.

ಲಯದ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. 1993ರ ‘ಡೂಮ್’ ಆಟದಲ್ಲಿ ನಡೆಯುವಾಗ ದೃಷ್ಟಿ ಮೇಲೆ ಕೆಳಗೆ ತೂಗುತ್ತದೆ. ವೇಗ ಹೆಚ್ಚಿದಂತೆ ಒಂದು ಮಿತಿಯವರೆಗೆ ತೂಗಾಟ ದೊಡ್ಡದಾಗುತ್ತದೆಯೇ ಹೊರತು, ಅದರ ಲಯ ಬದಲಾಗುವುದಿಲ್ಲ. ನಿಜವಾದ ನಡಿಗೆಯಲ್ಲಿ ವೇಗದೊಡನೆ ಹೆಜ್ಜೆಯ ಉದ್ದವೂ ಲಯವೂ ಹೆಚ್ಚುತ್ತವೆ. ಸೆಕೆಂಡಿಗೆ ಸುಮಾರು 2 ಮೀಟರಿನ ವೇಗದಲ್ಲಿ ನಡಿಗೆಯು ಓಟವಾಗಿ ಮಾರ್ಪಡುತ್ತದೆ. ಅಲ್ಲದೆ, ನಡೆಯುವಾಗ ತಲೆ ಕೆಲವು ಸೆಂಟಿಮೀಟರು ಏರಿಳಿದರೂ ಒಳಗಿವಿಯ ಸೂಚನೆಯಂತೆ ಕಣ್ಣುಗುಡ್ಡೆಗಳು ಪ್ರತಿಯಾಗಿ ತಿರುಗಿ ನೋಟವನ್ನು ಸ್ಥಿರವಾಗಿಡುತ್ತವೆ. ಆದಕಾರಣ ತೆರೆಯನ್ನು ಬಲವಾಗಿ ಕುಲುಕಿಸುವುದು ನೈಜತೆಯಲ್ಲ. ಕಣ್ಣಿಗೆ ಕಂಡ ಚಲನೆಯನ್ನು ಕಿವಿಯೊಳಗಿನ ಸಮತೋಲನಾಂಗ ಸಮರ್ಥಿಸದಿದ್ದಲ್ಲಿ ಹಲವರಿಗೆ ತಲೆಸುತ್ತು, ಓಕರಿಕೆ ಉಂಟಾಗುತ್ತವೆ. 2008ರ ‘ಮಿರರ್ಸ್ ಎಡ್ಜ್’ ಆಟದಲ್ಲಿ ಓಡುವವಳ ಕೈಕಾಲುಗಳನ್ನು ಕಾಣಿಸಿ, ಈ ಬಾಧೆಯನ್ನು ತಗ್ಗಿಸಲು ತೆರೆಯ ನಡುವೆ ಒಂದು ಚಿಕ್ಕ ಚುಕ್ಕೆಯನ್ನು ಸ್ಥಿರವಾಗಿರಿಸಲಾಗಿತ್ತು. ಹೆಜ್ಜೆಯ ಸದ್ದು, ಕಾಣುವ ಪಾದ, ಇಳಿದಾಗಿನ ಅಲ್ಪ ಕುಸಿತ ಇವು ಮೂರೂ ಒಂದೇ ಹೆಜ್ಜೆಯ ಲೆಕ್ಕದಿಂದ ಹೊರಟರೆ ಕುಲುಕಾಟ ಬಹುಮಟ್ಟಿಗೆ ಅನಾವಶ್ಯಕ.

ನೆಲದ ನೈಜತೆಗಾಗಿ ಆಟಗಾರನ ಅಧಿಕಾರವನ್ನೆಲ್ಲ ಕಿತ್ತುಕೊಳ್ಳುವುದು ತರವೇ ಎಂದು ವಾಚಕರು ಕೇಳಬಹುದು. ಇದಕ್ಕೆ ಸರಳವಾದ ಒಂದು ವಿಭಾಗವುಂಟು: ನೋಟವನ್ನು ತಿರುಗಿಸುವುದು ಆಟಗಾರನ ಅಧೀನ, ಅದರಲ್ಲಿ ವಿಳಂಬ ಕೂಡದು, ದೇಹವನ್ನು ಸಾಗಿಸುವುದು ನೆಲದ ಅಧೀನ, ಅಲ್ಲಿ ವಿಳಂಬಕ್ಕೆ ಕಾಣುವ ಕಾರಣವಿರಬೇಕು.

ಆಟಗಳನ್ನು ರಚಿಸುವ ತಂತ್ರಾಂಶಗಳು ಇಂದು ವಿದ್ಯಾರ್ಥಿಗಳಿಗೆ ಸುಲಭವಾಗಿ ದೊರೆಯುತ್ತವೆ. ಅವುಗಳೊಡನೆ ಬರುವ ಸಿದ್ಧ ಸಂಖ್ಯೆಗಳನ್ನೇ ಬಳಸಿದರೆ, ಜೇವರ್ಗಿಯ ಹೊಲವನ್ನು ಎಷ್ಟು ಅಂದವಾಗಿ ಚಿತ್ರಿಸಿದರೂ ಅದು ಕಲ್ಲುಹಾಸಿನ ಮೇಲೆ ಹರಡಿದ ಹೊಲದ ಚಿತ್ರವಾದೀತೇ ಹೊರತು ಹೊಲವಾಗದು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಎರೆಹೊಲಗಳು ನಮ್ಮ ವಿದ್ಯಾರ್ಥಿಗಳಿಗೆ ದೂರವಲ್ಲ. ಹೊಲದಲ್ಲಿ 50 ಮೀಟರು ಅಳೆದು, ಬೇಸಗೆ, ಮಳೆಗಾಲ, ಹರಗಿದ ಕಾಲ ಈ ಮೂರರಲ್ಲಿಯೂ ಅದೇ ವ್ಯಕ್ತಿಯ ಹೆಜ್ಜೆಗಳನ್ನೂ, ಹಿಡಿದ ಕಾಲವನ್ನೂ, ಕಾಲು ಹೂತ ಆಳವನ್ನೂ, ನಿಲ್ಲಲು ಬೇಕಾದ ದೂರವನ್ನೂ ಗುರುತಿಸಿಕೊಳ್ಳಬಹುದು. ಇದಕ್ಕೆ ಟೇಪು ಮತ್ತು ಗಡಿಯಾರ ಸಾಕು. ಈ ನೆಲದವರು ಕಾಲಿನಿಂದ ಅರಿತ ವಿದ್ಯೆಯನ್ನು ಸಂಖ್ಯೆಗಿಳಿಸುವ ಕೆಲಸ ಇದರಿಂದ ಪ್ರಾರಂಭವಾಗಲಿ.