ಅದುಮಿದ ಬೆಳಕು

ಲೇಸರಿನ ಬೆಳಕು ಎಷ್ಟೇ ಶುದ್ಧವಾಗಿದ್ದರೂ ಅದನ್ನು ಸೂಕ್ಷ್ಮವಾಗಿ ಅಳೆದಾಗ ಒಂದಿಷ್ಟು ಏರುಪೇರು ಕಂಡೇ ಕಾಣುವುದು. ಅದು ಯಂತ್ರದ ದೋಷವಲ್ಲ, ಹೆಂಚಿನ ಮೇಲೆ ಬೀಳುವ ಮಳೆಹನಿಗಳಂತೆ ಫೋಟಾನುಗಳು ಒಂದನ್ನೊಂದು ಕೇಳದೆ ಬಂದು ಬೀಳುವುದರ ಫಲ. ಈ ಗದ್ದಲಕ್ಕಿಂತಲೂ ಕೆಳಗಿಳಿದ ಬೆಳಕು ಇರಲಾರದೆಂಬುದು, ಬೆಳಕನ್ನು ಬರಿಯ ತರಂಗವೆಂದು ಬಗೆಯುವ ಅಭಿಜಾತ ಭೌತಶಾಸ್ತ್ರದ ನಿರ್ಣಯ. ಆ ಶಾಸ್ತ್ರದ ಎಲ್ಲೆ ಎಲ್ಲಿಗೆ ಮುಗಿಯುವುದೆಂಬುದನ್ನು ಗಣಿತಮುಖದಿಂದ ಸ್ಪಷ್ಟಪಡಿಸಿದವರು 1963ರಲ್ಲಿ ರಾಯ್ ಗ್ಲಾಬರ್ ಮತ್ತು ಕೇರಳದಲ್ಲಿ ಹುಟ್ಟಿದ ಇ. ಸಿ. ಜಿ. ಸುದರ್ಶನ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದ ಸುದರ್ಶನರಿಗೆ 2005ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯದೆ ಹೋದುದು ನ್ಯಾಯವೆಂದು ನನಗೆ ತೋರದು.

ಎಲ್ಲೆಯಾಚೆಯ ಬೆಳಕನ್ನು ಉತ್ಪಾದಿಸುವ ಬಗೆ ಹೇಗೆ? ತರಂಗಕ್ಕೆ ಪಾರವೆಂದೂ ಪ್ರಾವಸ್ಥೆಯೆಂದೂ ಎರಡು ಮುಖಗಳುಂಟು. ಎರಡರ ಗದ್ದಲವನ್ನೂ ಒಟ್ಟಿಗೆ ಅಳಿಸಲು ಹೈಸೆನ್‌ಬರ್ಗರ ನಿಯಮ ಎಡೆಗೊಡದಿದ್ದರೂ, ಒಂದರಲ್ಲಿ ಅದುಮಿ ಇನ್ನೊಂದರಲ್ಲಿ ಉಬ್ಬಗೊಡಲು ಅಡ್ಡಿಯಿಲ್ಲ. ಕನ್ನಡಿಗಳ ನಡುವೆ ಇರಿಸಿದ ಪೊಟ್ಯಾಸಿಯಂ ಟೈಟಾನಿಲ್ ಫಾಸ್ಫೇಟಿನ ಹರಳಿನೊಳಗೆ 532 ನ್ಯಾನೋಮೀಟರಿನ ಹಸಿರು ಬೆಳಕನ್ನು ಹಾಯಿಸಿದಾಗ, ಆಗೊಮ್ಮೆ ಈಗೊಮ್ಮೆ ಒಂದು ಹಸಿರು ಫೋಟಾನು 1064 ನ್ಯಾನೋಮೀಟರಿನ ಎರಡು ಅವಕೆಂಪು ಫೋಟಾನುಗಳಾಗಿ ಒಡೆಯುತ್ತದೆ. ಜೊತೆಯಾಗಿ ಹುಟ್ಟಿದ ಇವುಗಳ ನಡೆ ಪರಸ್ಪರ ಬಿಗಿದುಕೊಂಡಿರುವುದರಿಂದಲೇ ಗದ್ದಲ ಒಂದು ಮುಖದಲ್ಲಿ ತಗ್ಗುವುದು. ಆದರೆ ಈ ಬೆಳಕು ಬಲು ನಾಜೂಕಿನದು. ಹಾದಿಯಲ್ಲಿ ಅರ್ಧ ಬೆಳಕು ಸೋರಿಹೋದರೆ, ಮೊದಲು ಎಷ್ಟೇ ಅದುಮಿದ್ದರೂ ಗದ್ದಲ ಅರ್ಧಕ್ಕಿಂತ ಕೆಳಗಿಳಿಯದು. ಆದುದರಿಂದ ಪ್ರಯೋಗಶಾಲೆಯ ಶ್ರಮವೆಲ್ಲ ಕನ್ನಡಿ ಮಸೂರಗಳಲ್ಲಿ ನಷ್ಟವಾಗುವ ಒಂದೊಂದು ಪಾಲನ್ನೂ ಉಳಿಸಿಕೊಳ್ಳುವುದರಲ್ಲೇ ಸವೆಯುತ್ತದೆ. 1985ರಲ್ಲಿ ಬೆಲ್ ಪ್ರಯೋಗಾಲಯದ ಸ್ಲಷರ್ ಮತ್ತು ಸಂಗಡಿಗರು ಸೋಡಿಯಂ ಪರಮಾಣುಗಳಿಂದ ಮೊದಲಬಾರಿಗೆ ಅದುಮಿದ ಬೆಳಕನ್ನು ಸಾಧಿಸಿದಾಗ ಗದ್ದಲ ಇಳಿದುದು ಶೇಕಡಾ 7ರಷ್ಟು ಮಾತ್ರ; 2016ರಲ್ಲಿ ಜರ್ಮನಿಯ ಹನೋವರಿನಲ್ಲಿ ಅದು ಮೂವತ್ತರಲ್ಲೊಂದು ಪಾಲಿಗೆ ಇಳಿಯಿತು.

ಸೋಜಿಗವೆಂದರೆ, ಇಂತಹ ಬೆಳಕು ಹುಟ್ಟುವ ಮೊದಲೇ ಅದರ ಉಪಯೋಗ ಹೊಳೆದಿತ್ತು. ಗುರುತ್ವ ತರಂಗಗಳನ್ನು ಹುಡುಕುವ ಲೈಗೋದಂತಹ ಉಪಕರಣಗಳಲ್ಲಿ, ಏನೂ ಇಲ್ಲವೆಂದು ನಾವೆಣಿಸುವ ಕತ್ತಲ ಬಾಗಿಲಿನಿಂದಲೇ ಶೂನ್ಯದ ಸಹಜ ಕ್ಷೋಭೆ ಒಳನುಗ್ಗಿ ಅಳತೆಯನ್ನು ಕೆಡಿಸುವುದರಿಂದ, ಅಲ್ಲಿಂದ ಅದುಮಿದ ಶೂನ್ಯವನ್ನು ಒಳಬಿಡಬೇಕೆಂದು ಕಾರ್ಲ್ಟನ್ ಕೇವ್ಸ್ 1981ರಲ್ಲಿಯೇ ತೋರಿಸಿದ್ದರು. ತಲಾ 4 ಕಿಲೋಮೀಟರ್ ಉದ್ದದ ತೋಳುಗಳುಳ್ಳ ಅಮೆರಿಕದ ಎರಡೂ ಲೈಗೋ ವೀಕ್ಷಣಾಲಯಗಳು 2019ರ ಏಪ್ರಿಲ್‌ನಲ್ಲಿ ಆರಂಭವಾದ ವೀಕ್ಷಣೆಯಿಂದ ಈ ಕ್ರಮವನ್ನೇ ಅನುಸರಿಸುತ್ತಿವೆ.