ನನ್ನ ತಮ್ಮನ ಕಾಲು

ನನ್ನ ತಮ್ಮ ನಮ್ಮ ಶಾಲೆಯಲ್ಲೇ ಮೂರನೇ ತರಗತಿ. ಅವನು ನೆಲದಿಂದ ಏಳುವ ರೀತಿ ನೀವೆಲ್ಲ ನೋಡಿದ್ದೀರಿ. ಕೆಲವರು ಅದನ್ನು ಮಾಡಿ ತೋರಿಸಿ ನಗಿಸುತ್ತೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು.

ಚಿಕ್ಕವನಿದ್ದಾಗ ಅವನ ಮೀನಖಂಡ ದಪ್ಪ ದಪ್ಪ ಇತ್ತು. ಮನೆಗೆ ಬಂದವರು "ಮಾಣಿ ಕಾಲು ಗಟ್ಟಿ ಇದ್ದು, ಅಡಿಕೆ ಮರ ಹತ್ತಲೆ ಅಡ್ಡಿಲ್ಲೆ" ಎನ್ನುತ್ತಿದ್ದರು. ನಮಗೂ ಖುಷಿಯಾಗುತ್ತಿತ್ತು. ಆದರೆ ತೋಟದಿಂದ ಮನೆಗೆ ಹತ್ತಿ ಬರುವಾಗ ಅವನು ಹಿಂದೆ ಉಳಿಯುತ್ತಿದ್ದ. ಸೋಮಾರಿ ಎಂದು ಬೈದವರಲ್ಲಿ ನಾನೂ ಒಬ್ಬಳು. ಒಬ್ಬ ಡಾಕ್ಟರು ಟಾನಿಕ್ ಬರೆದುಕೊಟ್ಟರು. ಕಡೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು. ಕಾಯಿಲೆಯ ಹೆಸರು ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ.

ಡುಷೆನ್ ಎಂದರೆ ಫ್ರಾನ್ಸ್ ದೇಶದ ಒಬ್ಬ ವೈದ್ಯರು. 1868ರಲ್ಲಿ ಅವರು ಇಂಥ 13 ಮಕ್ಕಳ ಬಗ್ಗೆ ಬರೆದರು. ಕಾರಣ ಸಿಕ್ಕಿದ್ದು ಮಾತ್ರ 1987ರಲ್ಲಿ. ನಮ್ಮ ಸ್ನಾಯುಗಳಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇರುತ್ತದೆ. ದಬ್ಬೆ ಬೇಲಿಗೆ ಕಟ್ಟು ಇದ್ದ ಹಾಗೆ ಅದು. ಕಟ್ಟು ಇಲ್ಲದ ಬೇಲಿ ಅಲುಗಿದಷ್ಟೂ ಸಡಿಲ ಆಗುತ್ತದಲ್ಲ, ಹಾಗೇ ತಮ್ಮನ ಸ್ನಾಯು ಕೆಲಸ ಮಾಡಿದಷ್ಟೂ ಹರಿಯುತ್ತದೆ. ಹರಿದ ಜಾಗದಲ್ಲಿ ಕೊಬ್ಬು ತುಂಬುತ್ತದೆ. ನಾವು ಶಕ್ತಿ ಎಂದುಕೊಂಡಿದ್ದ ಆ ದಪ್ಪ ಮೀನಖಂಡ ಅದೇ! ತೊಡೆಯಲ್ಲಿ ಬಲ ಇಲ್ಲದ್ದಕ್ಕೆ ಅವನು ಮೊಣಕಾಲು, ತೊಡೆ ಮೇಲೆ ಕೈ ಊರಿ ಏಳುತ್ತಾನೆ. ಇದಕ್ಕೆ ಗವರ್ಸ್ ಚಿಹ್ನೆ ಎಂದೇ ಹೆಸರಿದೆ, ಡಾಕ್ಟರು ಕಾಯಿಲೆ ಗುರುತಿಸುವುದೂ ಇದರಿಂದ.

ಇದು ಅಂಟುವುದಿಲ್ಲ. ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಹೆಣ್ಣುಮಕ್ಕಳಿಗೆ ಬಹಳ ಅಪರೂಪ. ಏನೋ ದೋಷ ಇದೆ ಎಂದು ಕೆಲವರು ಆಯಿಗೆ ಹೇಳಿದರು. ಆಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೋಷ ಇರುವುದು ಒಂದು ಜೀನ್‌ನಲ್ಲಿ. ಅದು ಯಾರೂ ಮಾಡಿದ್ದಲ್ಲ.

ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಸ್ಟೀರಾಯ್ಡ್ ಮಾತ್ರೆಯಿಂದ ಬಲ ಕಡಿಮೆಯಾಗುವುದು ನಿಧಾನ ಆಗುತ್ತದೆ. ದಿನಾ ರಾತ್ರಿ ಅಪ್ಪಯ್ಯ ಅವನ ಪಾದ ಹಿಡಿದು ಮೆಲ್ಲಗೆ ಮೇಲಕ್ಕೆ ಬಗ್ಗಿಸುತ್ತಾರೆ, ಹಿಮ್ಮಡಿ ಸೆಟೆಯಬಾರದು ಅಂತ. 12 ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ತಮ್ಮನಿಗೆ ಈಗ ಎಂಟು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧ ಹೇಳಿದ್ದಾರೆ, ಇದೂ ಅದರಲ್ಲಿದೆ. ಅಕ್ಕೋರೇ, ಮಾಸ್ತರೇ, ನಮ್ಮ ಶಾಲೆ ಬಾಗಿಲಲ್ಲಿ ಮೂರು ಮೆಟ್ಟಿಲು ಇವೆ. ಪಕ್ಕದಲ್ಲಿ ಒಂದು ಇಳಿಜಾರು ಮಾಡಿಸಬಹುದೇ?

ಅವನು ಬಿದ್ದರೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಹೆಗಲು ನೋಯುತ್ತದೆ. ಕುರ್ಚಿ ತಂದು ಹತ್ತಿರ ಇಡಿ, ಹಿಡಿದುಕೊಂಡು ಏಳುತ್ತಾನೆ. ಕ್ರಿಕೆಟ್ಟಿನಲ್ಲಿ ರನ್ ಬರೆಯುವ ಕೆಲಸ ತನಗೇ ಕೊಡಬೇಕಂತೆ. ಇದನ್ನು ಅವನೇ ಬರೆಯಲು ಹೇಳಿದ್ದು.