ದವಡೆಯಲ್ಲಿ ಅಡಗಿದ ಚೂರು

ಬೈಕಿನಿಂದ ಬಿದ್ದವರ ಕೆನ್ನೆಯ ಗಾಯ ಮಾಯುತ್ತದೆ, ದವಡೆಯ ನೋವು ಮಾತ್ರ ಹೋಗುವುದಿಲ್ಲ. ಎಕ್ಸ್‌ರೇ ತೆಗೆಸಿದರೆ ಹಲ್ಲಿನ ಬುಡದ ಹತ್ತಿರ ಒಂದು ಬಿಳಿ ಚುಕ್ಕೆ. ಅದು ಗಾಜಿನ ಚೂರೋ, ಹಿಂದೆ ತುಂಬಿಸಿದ ಸಿಮೆಂಟಿನ ತುಣುಕೋ, ರೂಟ್ ಕೆನಾಲ್ ಮಾಡುವಾಗ ಮುರಿದುಳಿದ ಸೂಜಿಯ ತುದಿಯೋ? ಮೂಳೆಯೊಳಗಿದೆಯೋ, ಕೆನ್ನೆಯ ಮಾಂಸದಲ್ಲಿದೆಯೋ? ಎಕ್ಸ್‌ರೇ ಎಂದರೆ ನೆರಳು. ಹಿಂದಿನದು ಮುಂದಿನದು ಎಲ್ಲವೂ ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಈ ತೊಡಕನ್ನು ಬಿಡಿಸಿದ್ದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ರೋಗಿಯೊಬ್ಬರ ತಲೆಯನ್ನು ಇದರಿಂದ ನೋಡಲಾಯಿತು. ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ 1979ರಲ್ಲಿ ನೊಬೆಲ್ ಹಂಚಿಕೊಂಡರು. ಅವರ ಹೆಸರಿನ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮೂಳೆಯದು ಕೆಲವು ನೂರರಿಂದ ಸಾವಿರ ದಾಟುವ ಅಂಕಿ, ಲೋಹದ್ದು ಅದಕ್ಕೂ ಮೇಲೆ. ಸ್ಕ್ಯಾನ್ ಎಂದರೆ ಸಕ್ಕರೆ ಹರಳಿನಂಥ ಲಕ್ಷಾಂತರ ಪುಟ್ಟ ಘನಗಳು, ಒಂದೊಂದಕ್ಕೂ ಒಂದೊಂದು ಅಂಕಿ. ಹಲ್ಲು ದವಡೆಗಳಿಗೆಂದೇ ಇರುವ ಕೋನ್ ಬೀಮ್ ಸಿ.ಟಿ.ಯಲ್ಲಿ ಘನದ ಅಂಚು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣದಿರಬಹುದು.

ಈ ಅಂಕಿಗಳಿಗೆ ಆಕಾರ ಕೊಡುವುದು ಸಾಫ್ಟ್‌ವೇರ್. ಬ್ರೆಜಿಲ್‌ನ ಕಾಂಪಿನಾಸ್ ನಗರದ ಸರ್ಕಾರಿ ಕೇಂದ್ರವೊಂದು ತನ್ನ ದೇಶದ ಸಾರ್ವಜನಿಕ ಆಸ್ಪತ್ರೆಗಳಿಗಾಗಿ 2001ರಲ್ಲಿ ‘ಇನ್‌ವೆಸಾಲಿಯಸ್’ ಎಂಬ ಇಂಥ ತಂತ್ರಾಂಶವನ್ನು ಕಟ್ಟಲು ತೊಡಗಿತು. ಅದೇ ವರ್ಷದ ಜುಲೈನಲ್ಲಿ ತಿರುವನಂತಪುರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಶುರುವಾಯಿತು. ಮುಂದೆ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೂ ಮುಕ್ತ ತಂತ್ರಾಂಶವೇ ಬಂತು. ತಾನೂ ಮುಕ್ತ ತಂತ್ರಾಂಶವೇ ಆದ ಇನ್‌ವೆಸಾಲಿಯಸ್ ಆ ನಾಡಿಗೆ ಹೊರಗಿನದೆನಿಸದು. ಕೊಚ್ಚಿಯ ದಂತವೈದ್ಯ ವಿದ್ಯಾರ್ಥಿ ಒಂದು ರೂಪಾಯಿ ಕೊಡದೆ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು.

ಕೆಲಸ ನಡೆಯುವ ಬಗೆ ನೋಡಿ. ಸ್ಕ್ಯಾನ್ ಕೇಂದ್ರ ಕೊಟ್ಟ ಸಿ.ಡಿ.ಯಲ್ಲಿರುವ, ಡೈಕಾಮ್ ಎಂಬ ಮಾದರಿಯ ಕಡತಗಳನ್ನು ತೆರೆದು, ಮೂಳೆಯ ಅಂಕಿಗಳ ಮಿತಿಯನ್ನು ಆರಿಸಿದರೆ ದವಡೆ, ಹಲ್ಲು, ತಲೆಬುರುಡೆ ಪರದೆಯ ಮೇಲೆ ಮೂಡುತ್ತವೆ. ಬೆರಳಲ್ಲಿ ಹಿಡಿದಂತೆ ತಿರುಗಿಸಬಹುದು. ಕೆಳಮಿತಿಯನ್ನು ಮೆಲ್ಲಗೆ ಏರಿಸುತ್ತ ಹೋದಂತೆ ಮೂಳೆ ಮಂಜಿನಂತೆ ಕರಗುತ್ತದೆ, ಆಮೇಲೆ ಹಲ್ಲುಗಳೂ ಸವೆಯುತ್ತವೆ. ಕೊನೆಗೆ ಲೋಹದ ಚೂರೊಂದೇ ಕಪ್ಪು ಹಿನ್ನೆಲೆಯಲ್ಲಿ ತೇಲುತ್ತ ಉಳಿಯುತ್ತದೆ. ಅದಕ್ಕೆ ಬೇರೆ ಬಣ್ಣ ಹಚ್ಚಿ ಮೂಳೆಯನ್ನು ಮರಳಿ ತಂದರೆ, ಕೆಳದವಡೆಯ ನರದ ಕಾಲುವೆಯಿಂದ ಅದು ಎಷ್ಟು ದೂರದಲ್ಲಿದೆ ಎಂದು ಅಳೆಯಬಹುದು. ಆ ನರಕ್ಕೆ ಪೆಟ್ಟಾದರೆ ಕೆಳತುಟಿ ಜೋಮು ಹಿಡಿಯುತ್ತದೆ. ಶಸ್ತ್ರವೈದ್ಯರಿಗೆ ಈ ಅಳತೆ ಬೇಕಾಗುವುದು ಅದಕ್ಕೇ.

ಎಚ್ಚರವೂ ಬೇಕು. ಲೋಹದ ಸುತ್ತ ಹುಸಿ ಗೆರೆಗಳು ಏಳುತ್ತವೆ. ಒಣ ಮರದ ಸಿಬಿರು ಗಾಳಿಯಂತೆ ಕಂಡು ಕಣ್ತಪ್ಪಬಹುದು. ಕೋನ್ ಬೀಮ್ ಯಂತ್ರದ ಅಂಕಿಗಳನ್ನು ಹೌನ್ಸ್‌ಫೀಲ್ಡ್ ಅಳತೆಯೆಂದೇ ನಂಬುವಂತಿಲ್ಲ. ಮಿತಿ ಬದಲಾದರೆ ಚೂರಿನ ಗಾತ್ರವೂ ಬದಲಾದಂತೆ ಕಾಣುತ್ತದೆ. ಅದಕ್ಕೇ ಬಣ್ಣದ ಆಕೃತಿಯ ಜೊತೆಗೆ ಮೂಲ ಸೀಳುಚಿತ್ರಗಳನ್ನೂ ನೋಡಿಯೇ ತಜ್ಞರು ತೀರ್ಮಾನಕ್ಕೆ ಬರಬೇಕು. ಮನೆಯಲ್ಲಿ ಕುಳಿತು ರೋಗ ಗುರುತಿಸಿಕೊಳ್ಳುವ ಸಾಧನ ಇದಲ್ಲ.

ಡೈಕಾಮ್ ಎಲ್ಲೆಡೆ ಒಂದೇ. ಕೊಚ್ಚಿಯಲ್ಲಿ ತೆಗೆಸಿದ ಸ್ಕ್ಯಾನನ್ನು ಸುಮಾರು 200 ಕಿಲೋಮೀಟರ್ ದೂರದ ತಿರುವನಂತಪುರದಲ್ಲೂ, ನಮ್ಮ ಮಂಗಳೂರಿನಲ್ಲೂ ತೆರೆಯಬಹುದು. ಆದ್ದರಿಂದ ಸ್ಕ್ಯಾನ್ ಮಾಡಿಸಿದಾಗ ಫಿಲ್ಮ್ ಪಡೆದಷ್ಟಕ್ಕೇ ಎದ್ದು ಬರಬೇಡಿ. ಡೈಕಾಮ್ ಕಡತಗಳ ಸಿ.ಡಿ. ಕೇಳಿ ಪಡೆಯಿರಿ, ಜೋಪಾನವಾಗಿಡಿ. ಮುಂದಿನ ವೈದ್ಯರಿಗೆ ಅದನ್ನು ತೋರಿಸಿದರೆ ಮತ್ತೊಮ್ಮೆ ವಿಕಿರಣಕ್ಕೆ ಮೈಯೊಡ್ಡುವುದೂ, ಮತ್ತೊಮ್ಮೆ ಹಣ ತೆರುವುದೂ ತಪ್ಪಬಹುದು.